ಕಾದಾಟದ ಕಣಕ್ಕೆ ಕಾನೂನಿನ ಕಾವಲು

ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ಜರಗುವ ಜೆಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ಓದುಗರಲ್ಲಿ ಹಲವರು ಕಂಡಿರಬಹುದು. ಎದುರಾಳಿಯ ತಲೆಯಿಂದ ರಕ್ತ ಒಸರಿದೊಡನೆ ಕಾಳಗ ನಿಲ್ಲಬೇಕೆಂಬುದು ಅಲ್ಲಿಯ ಕಟ್ಟುಪಾಡು. ನೋಟಕ್ಕೆ ಕ್ರೂರವೆನಿಸಿದರೂ ಎಲ್ಲಿ ನಿಲ್ಲಿಸಬೇಕೆಂಬ ವಿವೇಕ ಅದಕ್ಕಿದೆ.

ಇಂದು ನಗರಗಳಲ್ಲಿ ನಡೆಯುವ ಕಿಕ್‌ಬಾಕ್ಸಿಂಗ್ ಮೊದಲಾದ ಪಂದ್ಯಗಳಲ್ಲಿ ಅಂಜಬೇಕಾದುದು ಕಣ್ಣಿಗೆ ಬೀಳದ ರಕ್ತಸ್ರಾವಕ್ಕೆ. ಏಟಿನಿಂದ ಮೆದುಳಿನ ಪೊರೆಯ ಬಳಿಯ ರಕ್ತನಾಳ ಹರಿದಾಗ ಚರ್ಮದ ಮೇಲೆ ಗೀರು ಸಹ ಇಲ್ಲದಿರಬಹುದು. ಪಟು ಎದ್ದು ನಿಂತು ಮಾತನಾಡಿ, ಗಂಟೆಗಳ ತರುವಾಯ ಪ್ರಜ್ಞೆ ತಪ್ಪುವುದುಂಟು. ತಲೆಬುರುಡೆ ಹಿಗ್ಗುವಂಥದಲ್ಲವಾದ್ದರಿಂದ ಒಳಗೆ ಶೇಖರಗೊಂಡ ರಕ್ತ ಮೆದುಳನ್ನೇ ಅದುಮುತ್ತದೆ. ಆಗ ತಡಮಾಡದೆ ಸಿ.ಟಿ. ಸ್ಕ್ಯಾನ್ ಆಗಬೇಕು, ಅಗತ್ಯಬಿದ್ದರೆ ಶಸ್ತ್ರಕ್ರಿಯೆಯೂ ಆಗಬೇಕು.

2022ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಇಂಥ ಪಂದ್ಯವೊಂದರಲ್ಲಿ ಕುಸಿದ ತರುಣನೊಬ್ಬ ಆಸ್ಪತ್ರೆಯಲ್ಲಿ ಅಸುನೀಗಿದ. ಸ್ಥಳದಲ್ಲಿ ತಕ್ಕ ವೈದ್ಯಕೀಯ ಏರ್ಪಾಡು ಇರಲಿಲ್ಲವೆಂದು ಕುಟುಂಬದವರು ದೂರಿದರು. ಸಂಘಟಕರ ಮೇಲೆ ಮೊಕದ್ದಮೆ ದಾಖಲಾಯಿತು. ಆದರೆ ಕಾನೂನು ಅಲ್ಲಿಗೆ ತಲುಪಿದ್ದು ಹುಡುಗ ಹೋದ ಮೇಲೆ.

ಆಡುವವರೇ ಒಪ್ಪಿ ಸಹಿ ಹಾಕಿರುವಾಗ ಸರಕಾರಕ್ಕೇನು ಕೆಲಸವೆಂದು ಕೇಳುವವರಿದ್ದಾರೆ. ಪಂದ್ಯದ ಹೆಸರಿನ ಬರಿಗೈ ಗುದ್ದಾಟಕ್ಕೆ ಇಬ್ಬರ ಒಪ್ಪಿಗೆ ರಕ್ಷಣೆಯಾಗದೆಂದು ಇಂಗ್ಲೆಂಡಿನ ನ್ಯಾಯಾಲಯ 1882ರಲ್ಲೇ ತೀರ್ಪಿತ್ತಿದೆ. ನಮ್ಮ 2023ರ ಭಾರತೀಯ ನ್ಯಾಯ ಸಂಹಿತೆಯ 25ನೆಯ ಕಲಮಿನಲ್ಲೂ, ಹದಿನೆಂಟು ಮೀರಿದವರ ಒಪ್ಪಿಗೆಗೆ ಬೆಲೆ ಬರುವುದು ಸಾವು ಅಥವಾ ಘೋರ ಗಾಯದ ಉದ್ದೇಶವಾಗಲಿ ಸಂಭವದ ಅರಿವಾಗಲಿ ಇಲ್ಲದಾಗ ಮಾತ್ರ.

ಪೂರ್ಣ ನಿಷೇಧ ನನಗೆ ಒಪ್ಪಿಗೆಯಿಲ್ಲ. ಗರಡಿಯ ಮಣ್ಣಿನಲ್ಲಿ ಬೆಳೆದ ನಾಡಿನವರಿಗೆ ಆ ಮಾತು ರುಚಿಸದು. ನಿಷೇಧವಾದರೆ ಪಂದ್ಯಗಳು ಗೋದಾಮುಗಳಿಗೆ ಸರಿದಾವು. 1970ರಲ್ಲಿ ವೃತ್ತಿಪರ ಬಾಕ್ಸಿಂಗನ್ನು ನಿಷೇಧಿಸಿದ ಸ್ವೀಡನ್ ಸಹ 2007ರಲ್ಲಿ ಅದನ್ನು ಸಡಿಲಿಸಿತು. ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಪರವಾನಗಿಯ ನಿಯಮ ವಿಧಿಸುವ ಅಧಿಕಾರವನ್ನು ಮುಂಬಯಿಯ 1951ರ ಪೊಲೀಸು ಕಾಯ್ದೆಯೂ ಕರ್ನಾಟಕದ 1963ರ ಕಾಯ್ದೆಯೂ ಕೊಟ್ಟಿವೆ. ಜನಸಂದಣಿಯ ಜೊತೆಗೆ ಪಟುವಿನ ತಲೆಯ ಯೋಚನೆಯೂ ಆ ಪರವಾನಗಿಗೆ ಇರಲಿ. ಪಂದ್ಯ ನಿಲ್ಲಿಸುವ ಅಧಿಕಾರವುಳ್ಳ ವೈದ್ಯ ಕಣದ ಪಕ್ಕದಲ್ಲಿಯೂ ಆಂಬ್ಯುಲೆನ್ಸು ಬಾಗಿಲಲ್ಲಿಯೂ ಇಲ್ಲದೆ ಗಂಟೆ ಬಾರಿಸಕೂಡದು. ಪ್ರಜ್ಞೆ ತಪ್ಪಿ ಬಿದ್ದವನು ವೈದ್ಯರ ಪತ್ರವಿಲ್ಲದೆ ಮರಳಿ ಕಣಕ್ಕಿಳಿಯಕೂಡದು.

ಇಂಥ ಪಂದ್ಯಕ್ಕೆ ಚಂದಾ ಕೇಳಲು ಬಂದವರನ್ನು ಒಮ್ಮೆ ನಾನು, ವೈದ್ಯರು ಯಾರೆಂದು ವಿಚಾರಿಸಿದೆ. ಅವರು ತಂದಿದ್ದ ಕರಪತ್ರದಲ್ಲಿ ಪ್ರಾಯೋಜಕರು, ಅತಿಥಿಗಳು, ಧ್ವನಿವರ್ಧಕದವನು, ಎಲ್ಲರ ಹೆಸರೂ ಇತ್ತು. ವೈದ್ಯರನ್ನು ಇನ್ನೂ ಗೊತ್ತುಮಾಡಿರಲಿಲ್ಲ.