ಸಿಲೆಬಸ್ ಅಂದ್ರೆ ಬರೀ ಪೋರ್ಷನ್ ಅಲ್ಲ

ಊರಲ್ಲಿ ನಮಗೆ ಸಿಲೆಬಸ್ ಅಂದ್ರೆ ಪೋರ್ಷನ್. ವಿಟಿಯುನಲ್ಲಿ ಓದಿದವರಿಗೆ ಲೆಕ್ಕ ಗೊತ್ತೇ ಇದೆ: ಐದು ಮಾಡ್ಯೂಲ್, ಒಂದೊಂದರಿಂದ ಎರಡು ಪ್ರಶ್ನೆ, ಅದರಲ್ಲಿ ಒಂದಕ್ಕೆ ಉತ್ತರ. ಅದು ಬೆಳಗಾವಿಯಿಂದ ಬರ್ತಿತ್ತು, ಬದಲಿಸೋದು ನಮ್ಮ ಲೆಕ್ಚರರ್ ಕೈಯಲ್ಲೂ ಇರಲಿಲ್ಲ. ಪರೀಕ್ಷೆಗೆ ವಾರ ಇರುವಾಗ ತೆಗೆದು ನೋಡಿದ್ರೆ ಸಾಕಿತ್ತು.

ಅದೇ ಅಭ್ಯಾಸವನ್ನು ಇಲ್ಲಿಗೂ ತಂದೆವು. ಮೊದಲ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಡೆಟ್ರಾಯಿಟ್‌ನಿಂದ ಶಿಕಾಗೋಗೆ ವೀಕೆಂಡ್ ಸುತ್ತಾಡೋಕೆ ಹೋಗಿದ್ವಿ. ಡೆವಾನ್ ಅವೆನ್ಯೂನಲ್ಲಿ ಊಟ ಮುಗಿಸಿ, ರೂಮಿಗೆ ಬಂದು ಹೋಮ್‌ವರ್ಕ್ ಅಪ್‌ಲೋಡ್ ಮಾಡಿದಾಗ ಫೋನ್‌ನಲ್ಲಿ ರಾತ್ರಿ 11:20. ಗಡುವು 11:59. ಆದ್ರೆ ಡೆಟ್ರಾಯಿಟ್ ಗಡಿಯಾರ ಶಿಕಾಗೋಗಿಂತ ಒಂದು ಗಂಟೆ ಮುಂದೆ! ‘ಈಸ್ಟರ್ನ್ ಟೈಮ್’ ಅಂತ ಸಿಲೆಬಸ್‌ನ ಮೂರನೇ ಪುಟದಲ್ಲಿ ಬರೆದೇ ಇತ್ತು. ತಡವಾದರೆ ದಿನಕ್ಕೆ ಶೇ. 20 ಕಡಿತ ಅಂತಲೂ ಇತ್ತು. ಸಪ್ಪೆ ಮುಖ ಹೊತ್ತು ಆಫೀಸ್ ಅವರ್ಸ್‌ಗೆ ಹೋದಾಗ ಪ್ರೊಫೆಸರ್ ಅದರ ಕೆಳಗಿನ ಸಾಲು ತೋರಿಸಿದ್ರು: ಅತಿ ಕಡಿಮೆ ಅಂಕದ ಒಂದು ಹೋಮ್‌ವರ್ಕ್ ಲೆಕ್ಕಕ್ಕಿಲ್ಲ. ನಮ್ಮನ್ನು ಸಿಕ್ಕಿಸಿದ ಪುಟವೇ ನಮ್ಮನ್ನು ಉಳಿಸ್ತು.

ನಮ್ಮ ಅಭಿಪ್ರಾಯ ಇಷ್ಟೇ. ಇಲ್ಲಿ ಸಿಲೆಬಸ್ ಎರಡೂ ಕಡೆಯವರ ನಡುವಿನ ಕರಾರು ಇದ್ದ ಹಾಗೆ. ಬರೆದವರು ಸಾಮಾನ್ಯವಾಗಿ ಎದುರಿಗೇ ಇರ್ತಾರೆ. ಅರ್ಥ ಆಗದಿದ್ರೆ ಕೇಳಬಹುದು. ‘ಆ ಕೋರ್ಸ್ ಈಸಿ ಮಗಾ’ ಅನ್ನೋ ಸೀನಿಯರ್ ಮಾತು ಹೋದ ವರ್ಷದ್ದು, ಸಿಲೆಬಸ್ ಈ ವರ್ಷದ್ದು.

ಮೊದಲ ವಾರವೇ ಅರ್ಧ ಗಂಟೆ ಕೊಡಿ. ಗಡುವುಗಳನ್ನೆಲ್ಲ ಕ್ಯಾಲೆಂಡರ್‌ಗೆ ಹಾಕಿ. ಯಾವುದಕ್ಕೆ ಎಷ್ಟು ಅಂಕ ಅಂತ ನೋಡಿ, ಪ್ರಾಜೆಕ್ಟ್‌ಗೆ ಶೇ. 40, ಫೈನಲ್‌ಗೆ ಶೇ. 20 ಇದ್ರೆ ಕೊನೇ ವಾರದ ನೈಟ್‌ಔಟ್ ಕಾಪಾಡಲ್ಲ. ಹೋಮ್‌ವರ್ಕ್ ಜೊತೆಗೂಡಿ ಮಾಡಬಹುದಾ, ಎಐ ಬಳಸಬಹುದಾ ಅನ್ನೋ ಪ್ಯಾರಾ ಎರಡು ಸಲ ಓದಿ. ಊರಲ್ಲಿ ರೆಕಾರ್ಡ್ ನೋಡಿ ಬರೆಯೋಕೆ ಕೊಡೋದು ಸ್ನೇಹ. ಇಲ್ಲಿ ಕೋಡ್ ಕೊಟ್ಟವನೂ ಸಿಕ್ಕಿಬೀಳಬಹುದು. ಕೋರ್ಸ್ ಡ್ರಾಪ್ ಮಾಡೋ ಯೋಚನೆ ಇದ್ರೆ ಕೊನೇ ದಿನಾಂಕ ನೋಡಿಕೊಳ್ಳಿ. ಎಫ್-1 ವೀಸಾದಲ್ಲಿರುವ ನಾವು ಪೂರ್ಣಾವಧಿ ಕ್ರೆಡಿಟ್‌ಗಿಂತ ಕೆಳಗಿಳಿಯೋ ಮೊದಲು ಇಂಟರ್‌ನ್ಯಾಷನಲ್ ಆಫೀಸ್‌ನ ಒಪ್ಪಿಗೆ ಪಡೆಯಲೇಬೇಕು.

ಎಜುಕೇಶನ್ ಲೋನ್‌ಗೆ ಸಹಿ ಹಾಕುವ ಮುಂಚೆ ಅಪ್ಪ ಕನ್ನಡಕ ಹಾಕ್ಕೊಂಡು ಪ್ರತಿ ಪುಟ ಓದಿದ್ದು ನಮ್ಮಲ್ಲಿ ಹಲವರಿಗೆ ನೆನಪಿದೆ. ಆ ದುಡ್ಡಲ್ಲಿ ಸೇರಿದ ಕೋರ್ಸಿನ ನಾಲ್ಕು ಪುಟವನ್ನು ನಾವು ಓದದೇ ಇದ್ರೆ ಹೇಗೆ?