ಸ್ಟೆಪ್ನಿಯ ಜಾಗದಲ್ಲಿ ಬಾಟಲಿ ಸಾಕೇ?

ಕಳೆದ ದೀಪಾವಳಿಗೆ ಪುಣೆಯಿಂದ ಹುಬ್ಬಳ್ಳಿಗೆ ಹೊರಟಿದ್ದೆವು. ಸಾತಾರಾ ದಾಟಿದ ಮೇಲೆ ಟೈರು ಹರಿಯಿತು. ರಾತ್ರಿ ಹನ್ನೊಂದು ಗಂಟೆ, ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗಳು. ಡಿಕ್ಕಿ ತೆರೆದರೆ ಸ್ಟೆಪ್ನಿ ಇರಬೇಕಾದಲ್ಲಿ ಪುಟ್ಟ ಕಂಪ್ರೆಸರ್, ಒಂದು ಬಾಟಲಿ ಅಂಟುದ್ರವ. ಮೊಳೆ ಚುಚ್ಚಿದ ತೂತನ್ನು ಅದು ಮುಚ್ಚೀತು. ಟೈರಿನ ಪಕ್ಕೆಯೇ ಸೀಳಿದರೆ ಏನೂ ಮಾಡದು. ಟೋಯಿಂಗ್ ಗಾಡಿ ಬಂದಾಗ ಬೆಳಗಿನ ಮೂರು.

ಸ್ಪೋರ್ಟ್ಸ್ ಕಾರುಗಳು ಸ್ಟೆಪ್ನಿ ಕೈಬಿಟ್ಟಿದ್ದಕ್ಕೆ ಕಾರಣವಿದೆ. ಈಗಿನ ಪೋರ್ಶೆ 911ರಲ್ಲಿ ಹಿಂದಿನ ಚಕ್ರ ಮುಂದಿನದಕ್ಕಿಂತ ದೊಡ್ಡದು. ಒಂದೇ ಸ್ಟೆಪ್ನಿ ಎರಡಕ್ಕೂ ಹೊಂದದು. ತೂಕ ಇಳಿದಷ್ಟೂ ಓಟಕ್ಕೆ ಲಾಭ. ಆದರೆ ನಾಲ್ಕೂ ಚಕ್ರ ಒಂದೇ ಅಳತೆಯ ಸಂಸಾರಸ್ಥರ ಕಾರಿಗೆ ಆ ನೆಪವೇಕೆ?

2020ರಲ್ಲಿ ಕೇಂದ್ರ ಸರ್ಕಾರ ನಿಯಮ ಸಡಿಲಿಸಿತು. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತಿಳಿಸುವ ಸೆನ್ಸರ್, ರಿಪೇರಿ ಕಿಟ್ ಇದ್ದರೆ 3.5 ಟನ್‌ವರೆಗಿನ ಪ್ರಯಾಣಿಕ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಜಾಗ ಉಳಿಯುತ್ತದೆ, ಇಂಧನವೂ ಉಳಿಯುತ್ತದೆ, ಒಪ್ಪೋಣ. ಆದರೆ ಸೆನ್ಸರ್ ಗಾಳಿ ಇಳಿದದ್ದನ್ನು ಹೇಳುತ್ತದೆಯೇ ಹೊರತು ಚಕ್ರ ಕೊಡುವುದಿಲ್ಲ.

ಪೂರ್ಣ ಗಾತ್ರದ್ದು ಬೇಡವೆಂದರೆ ತೆಳು ಸ್ಟೆಪ್ನಿಯಾದರೂ ಇರಲಿ. ಗಂಟೆಗೆ 80 ಕಿ.ಮೀ. ಮೀರದೆ ಪಂಕ್ಚರ್ ಅಂಗಡಿ ಮುಟ್ಟಿದರೆ ಸಾಕು. ಅದೂ ಇಲ್ಲವೆಂದರೆ ಮಾರುವಾಗಲೇ ಬಾಯಿಬಿಟ್ಟು ಹೇಳಬೇಕು.

ಕಾರು ಕೊಳ್ಳುವವರೇ, ಮೈಲೇಜ್ ಕೇಳುವ ಮುನ್ನ ಡಿಕ್ಕಿಯ ಹಾಸು ಎತ್ತಿ ನೋಡಿ. ನಾನು ನೋಡಿರಲಿಲ್ಲ.