ಯಕೃತ್ತಿನ ಗಡ್ಡೆಗೆ ಅಳತೆಪಟ್ಟಿ ಸಾಲದು

ದೊಡ್ಡ ಕರುಳಿನ ಕ್ಯಾನ್ಸರ್ ಯಕೃತ್ತಿಗೆ ಹಬ್ಬಿತೆಂದರೆ ಮನೆಯವರು ಕೈಚೆಲ್ಲುತ್ತಾರೆ. ಚೆಲ್ಲಬೇಕಿಲ್ಲ; ಆ ಗಡ್ಡೆಗಳನ್ನು ತೆಗೆಸಿಕೊಂಡು ಹತ್ತು ವರ್ಷ ಬದುಕಿದವರೂ ಇದ್ದಾರೆ.

ಯಾರು ಬದುಕುತ್ತಾರೆ? 1999ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನ ಯುಮನ್ ಫಾಂಗ್ ತಂಡ ಐದು ಅಂಶಗಳ ಲೆಕ್ಕ ಕೊಟ್ಟಿತು: ಗಡ್ಡೆಗಳೆಷ್ಟು, 5 ಸೆಂಟಿಮೀಟರಿಗಿಂತ ದೊಡ್ಡವೇ ಎಂಬಂಥವು. ಆದರೆ ಇಂಥ ಅಳತೆಗೆ ಸಿಗದ ಗಡ್ಡೆಯ ಸ್ವಭಾವ ಜೀನಿನಲ್ಲಿ ಅಡಗಿದೆ. ಸುಮಾರು 40% ರೋಗಿಗಳ ಗಡ್ಡೆಯಲ್ಲಿ ಕೆ-ರಾಸ್ ಜೀನ್ ಕೆಟ್ಟಿರುತ್ತದೆ. ಅಂಥವರಲ್ಲಿ ಶಸ್ತ್ರಚಿಕಿತ್ಸೆಯ ನಂತರವೂ ರೋಗ ಮರುಕಳಿಸುವ ಭಯ ಹೆಚ್ಚು. ಅವರಿಗೆ ಸೆಟುಕ್ಸಿಮ್ಯಾಬ್ ಎಂಬ ದುಬಾರಿ ಔಷಧಿ ಸಾಮಾನ್ಯವಾಗಿ ಫಲಿಸದು. ಬಿ-ರಾಫ್ ಎಂಬ ಇನ್ನೊಂದು ಜೀನಿನ ವಿ600ಇ ಬದಲಾವಣೆಯಂತೂ ಇನ್ನೂ ಕಠೋರ.

ಈ ಜೀನ್‌ಗಳ ಪರೀಕ್ಷೆ ಔಷಧಿ ಆರಿಸುವ ಮೊದಲೇ ಆಗಬೇಕು, ಸರ್ಕಾರಿ ಆಸ್ಪತ್ರೆಯ ಬಡ ರೋಗಿಗೂ ಸಿಗಬೇಕು. ಹಾಗೆಂದು ಕೆ-ರಾಸ್ ವರದಿಯೊಂದನ್ನೇ ನೋಡಿ ಶಸ್ತ್ರಚಿಕಿತ್ಸೆ ನಿರಾಕರಿಸುವುದು ಅನ್ಯಾಯ: ಕೆಟ್ಟ ಜೀನಿದ್ದೂ ದೀರ್ಘಕಾಲ ಬದುಕಿದವರಿದ್ದಾರೆ.